ಬ್ರೇಕ್ ಹಿಡ್ಕೊಂಡೇ ಇಳಿ ಅಂದ್ಯಲ್ಲ ತಂಗಿ

ತಂಗಿ, ಮನೆಯವರ ಗ್ರೂಪಲ್ಲಿ ನೀನು ಹಾಕಿದ ಮೆಸೇಜು ಈಗಷ್ಟೇ ನೋಡಿದೆ. ತೋಟದಲ್ಲಿದ್ದೆ, ಅಲ್ಲಿ ನೆಟ್‌ವರ್ಕ್ ಸಿಗಲ್ಲ ಅಂತ ನಿನಗೆ ಗೊತ್ತಲ್ಲ. ಟೈಪ್ ಮಾಡ್ತಾ ಕೂತ್ರೆ ಸಂಜೆ ಆಗತ್ತೆ, ಅದಕ್ಕೆ ಮಾತಾಡಿ ಕಳಿಸ್ತಾ ಇದೀನಿ. ಉದ್ದ ಆದ್ರೂ ಪೂರ್ತಿ ಕೇಳು, ಭಾವನವರಿಗೂ ಕೇಳಿಸು.

ಮಗ ಪುಟ್ಟ ರಜೆಲಿ ಸೈಕಲ್ ರೇಸಿಗೆ ಸೇರಿದಾನೆ, ಈ ಭಾನುವಾರ ಸೋಮೇಶ್ವರದಿಂದ ಆಗುಂಬೆಗೆ ಹತ್ತೋ ರೇಸು, ಮುಗಿದ ಮೇಲೆ ಅದೇ ಘಾಟೀಲಿ ವಾಪಸ್ ಇಳೀಬೇಕು, ರಾತ್ರಿ ನಿದ್ದೆ ಬರ್ತಿಲ್ಲ, ಸೈಕಲಲ್ಲಿ ಏನೇನು ನೋಡಿಸಬೇಕು ಹೇಳು ಅಂತ ಕೇಳಿದೀಯ. ಅದರ ಕೆಳಗೆ ಇನ್ನೊಂದು ಸಾಲು ಹಾಕಿದೀಯಲ್ಲ ಮಾರಾಯ್ತಿ, "ಬ್ರೇಕ್ ಹಿಡ್ಕೊಂಡೇ ನಿಧಾನಕ್ಕೆ ಇಳಿ ಅಂತ ಹೇಳಿದೀನಿ, ಸರಿ ಅಲ್ವಾ ಅಣ್ಣ" ಅಂತ. ಅದನ್ನ ಓದಿ ನನ್ನ ಎದೆ ಝಲ್ ಅಂತು. ಸರಿ ಅಲ್ಲ ತಂಗಿ. ಉಳಿದಿದ್ದೆಲ್ಲ ಆಮೇಲೆ, ಆ ಮಾತನ್ನ ಇವತ್ತೇ ತಿದ್ದಿ ಹೇಳು. ಘಾಟಿ ಉದ್ದಕ್ಕೂ ಬ್ರೇಕ್ ಹಿಡ್ಕೊಂಡು ಇಳೀಬಾರದು. ಹಿಡೀಬೇಕು, ಬಿಡಬೇಕು. ಮತ್ತೆ ಹಿಡೀಬೇಕು, ಮತ್ತೆ ಬಿಡಬೇಕು.

ನನ್ನ ಎಡಗಡೆ ಭುಜ ತಗ್ಗಿರೋದು ಎಲ್ಲರೂ ನೋಡಿದೀರಿ. 1990ರ ಮೇ ತಿಂಗಳು, ನೀನಾಗ ಆರನೇ ಕ್ಲಾಸು. ಅವತ್ತಿನದೂ ಹತ್ತೋ ರೇಸೇ. ರೇಸಲ್ಲಿ ನನಗೇನೂ ಆಗಲಿಲ್ಲ, ಮುಗಿಸಿ ಮೇಲೆ ಕೂತು ಮಜ್ಜಿಗೆ ಕುಡಿದು, ವಾಪಸ್ ಇಳೀವಾಗ ಆಗಿದ್ದು. ಹೊರಡುವಾಗ ಅಪ್ಪಯ್ಯ ಇದೇ ಮಾತು ಹೇಳಿದ್ರು, ಬ್ರೇಕ್ ಹಿಡ್ಕೊಂಡೇ ಇಳಿ ಅಂತ. ನಾನೂ ಹಾಗೇ ಮಾಡಿದೆ. ಎರಡೂ ಬ್ರೇಕ್ ಅದುಮಿಕೊಂಡು ಏಳೆಂಟು ತಿರುವು ಇಳಿದೆ. ಇಪ್ಪತ್ತು ಕಿಲೋಮೀಟರ್ ವೇಗ ಕೂಡ ಇರಲಿಲ್ಲ. ಒಂದು ತಿರುವಿಗೆ ಬಾಗಿಸ್ತಾ ಇದ್ದ ಹಾಗೇ ಮುಂದಿನ ಚಕ್ರ ಪಟಾಕಿ ಹೊಡೆದ ಹಾಗೆ ಢಂ ಅಂತು. ಟೈರು ರಿಮ್ಮಿಂದ ಕಳಚಿ ಬಂತು, ಬರಿ ರಿಮ್ಮು ಟಾರಿನ ಮೇಲೆ ಜಾರಿತು, ನಾನು ಮೋರಿ ಕಟ್ಟೆಗೆ. ಕಾಲರ್ ಬೋನ್ ಎರಡು ತುಂಡು. ಆ ವರ್ಷ ಅಡಿಕೆಗೆ ಬೋರ್ಡೋ ಮದ್ದು ಹೊಡೆಯೋ ಹೊತ್ತಿಗೂ ಕೈ ಮೇಲೆ ಎತ್ತೋಕೆ ಆಗ್ತಿರಲಿಲ್ಲ.

ಎಂತಕ್ಕೆ ಒಡೀತು ಅನ್ನೋದು ಮುಖ್ಯ, ಪುಟ್ಟನಿಗೆ ಇದನ್ನ ಸರಿಯಾಗಿ ಕೇಳಿಸು. ಆಮೇಲೆ ಆ ಟ್ಯೂಬ್ ಬಿಚ್ಚಿ ನೋಡಿದ್ವಿ. ಮೊಳೆ ಚುಚ್ಚಿದ್ರೆ ತೂತು ಟ್ಯೂಬಿನ ಹೊರಮೈಲಿ, ರಸ್ತೆ ಕಡೆ ಇರತ್ತೆ. ಇದರ ತೂತು ಒಳಮೈಲಿತ್ತು, ರಿಮ್ಮಿನ ಕಡೆ, ಸರಿಯಾಗಿ ಕಡ್ಡಿ ತೂತಿನ ಎದುರಿಗೆ. ರಿಮ್ಮಿನೊಳಗೆ ಕಡ್ಡಿ ಕೂರಿಸೋ ತೂತುಗಳ ಮೇಲೆ ಒಂದು ಪಟ್ಟಿ ಹಾಕಿರ್ತಾರಲ್ಲ, ರಿಮ್ ಟೇಪು, ಅದು ರಬ್ಬರಿಂದು. ಬ್ರೇಕ್ ಶೂ, ಅಂದ್ರೆ ರಿಮ್ಮನ್ನ ಎರಡೂ ಕಡೆಯಿಂದ ಒತ್ತೋ ರಬ್ಬರ್ ತುಂಡು, ಬಿಡದೆ ಉಜ್ಜಿ ಉಜ್ಜಿ ರಿಮ್ಮು ಕಾದಿದೆ, ಪಟ್ಟಿ ಮೆತ್ತಗಾಗಿದೆ, ಒಳಗಿನ ಗಾಳಿ ಆ ಪಟ್ಟೀನ ತೂತಿನೊಳಕ್ಕೆ ದೂಡಿದೆ, ಅದರ ಹಿಂದೆ ಟ್ಯೂಬೂ ಉಬ್ಬಿ ಹೋಗಿ ಅಂಚಿಗೆ ತಾಗಿ ಹರಿದಿದೆ. ತೆಳ್ಳನೆ ಪ್ಲಾಸ್ಟಿಕ್ ಪಟ್ಟಿ ಇದ್ರೂ ಇದೇ ಕಥೆ.

ಶಾಖ ಎಷ್ಟು ಅಂತ ಲೆಕ್ಕ ಹಾಕಿ ನೋಡ್ಲಿ ಅವನು, ಇಂಜಿನಿಯರಿಂಗ್ ಓದ್ತಾನಲ್ಲ. ಆಳು, ಸೈಕಲ್, ನೀರಿನ ಬಾಟ್ಲಿ ಎಲ್ಲ ಸೇರಿ 80 ಕೆ.ಜಿ. ಅಂದುಕೊಳ್ಳೋಣ. 100 ಮೀಟರ್ ಎತ್ತರ ಇಳಿದ್ರೆ ಸುಮಾರು 78 ಕಿಲೋಜೂಲ್. ಒಂದು ಲೋಟ ನೀರು, ಅಂದ್ರೆ ಕಾಲು ಲೀಟರ್, ಕುದಿ ಬರೋಕೆ ಬೇಕಾದಷ್ಟು ಶಾಖ ಅದು. ನಿಧಾನಕ್ಕೆ ಬ್ರೇಕ್ ಎಳ್ಕೊಂಡೇ ಇಳಿದ್ರೆ ಗಾಳಿಗೆ ಹೋಗೋದು ಸ್ವಲ್ಪ, ಹೆಚ್ಚುಕಮ್ಮಿ ಎಲ್ಲಾ ಆ ಎರಡು ತೆಳ್ಳನೆ ಅಲ್ಯೂಮಿನಿಯಂ ರಿಮ್ಮಿಗೇ. ಆಗುಂಬೇಲಿ ಒಂದು ನೂರು ಮೀಟರಲ್ಲಿ ಮುಗಿಯಲ್ಲವಲ್ಲ. ಬಿಟ್ಟು ಹಿಡಿದ್ರೆ ಬಿಟ್ಟ ಜಾಗದಲ್ಲಿ ಎದುರುಗಾಳಿ ಒಂದು ಪಾಲು ತಗೊಳ್ಳತ್ತೆ, ರಿಮ್ಮೂ ಗಾಳಿಗೆ ಆರತ್ತೆ.

ಮತ್ತೆ ಗಾಳಿ ಹೊಡೆಯೋದು. ಟೈರಿನ ಪಕ್ಕದಲ್ಲಿ ಬರೆದಿರೋ ದೊಡ್ಡ ನಂಬರು ಮಿತಿ, ಅಲ್ಲೀವರೆಗೆ ಹೊಡೀಬೇಕು ಅಂತಲ್ಲ. ಗಾಳಿ ಒತ್ತಡ ಅಳೆಯೋದು ಪಿಎಸ್‌ಐ ಲೆಕ್ಕದಲ್ಲಿ. 25 ಡಿಗ್ರೀಲಿ 100 ಪಿಎಸ್‌ಐ ಹಾಕಿದ ಟೈರಿನ ಒಳಗಿನ ಗಾಳಿ 100 ಡಿಗ್ರಿಗೆ ಕಾದ್ರೆ 130ರ ಹತ್ರ ಹೋಗತ್ತೆ. ಪುಟ್ಟ 62 ಕೆ.ಜಿ., ಟೈರು 25 ಮಿಲಿಮೀಟರ್ ಅಂದಿದ್ದ. ಅವನಿಗೆ ಮುಂದೆ 80, ಹಿಂದೆ 85 ಸಾಕು. ಮಳೆ ಬಂದ್ರೆ ಎರಡರಲ್ಲೂ ಐದೈದು ಕಮ್ಮಿ.

ಇಳಿಯೋ ಕ್ರಮ ಹೀಗೆ. ಕೈ ಹ್ಯಾಂಡಲಿನ ಕೆಳಗಿನ ಬಾಗಿದ ಭಾಗದ ಮೇಲಿರಲಿ. ಅಲ್ಲಿಂದ ಲಿವರ್ ಎಳೆದ್ರೆ ಕಮ್ಮಿ ಬಲಕ್ಕೆ ಜಾಸ್ತಿ ಹಿಡಿತ ಸಿಗತ್ತೆ, ಬೆರಳು ಸೋಲಲ್ಲ. ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ, ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸೋದು. ಮುಂದಿನ ಬ್ರೇಕೇ ಹೆಚ್ಚು ಕೆಲಸ ಮಾಡೋದು, ಇಳಿಜಾರಲ್ಲಿ ಭಾರ ಮುಂದಕ್ಕೆ ಬಿದ್ದು ಹಿಂದಿನ ಚಕ್ರ ಹಗುರ ಆಗಿರತ್ತೆ. ಹಿಂದಿಂದನ್ನೇ ನಂಬಿದ್ರೆ ಲಾಕ್ ಆಗಿ ಜಾರತ್ತೆ. ತಿರುವಿನೊಳಗೆ ಹೋದ ಮೇಲೆ ಬ್ರೇಕ್ ಬಿಟ್ಟು, ಹೊರಗಡೆ ಪೆಡಲ್ ಕೆಳಕ್ಕೆ ಮಾಡಿ ಅದರ ಮೇಲೆ ಭಾರ ಹಾಕಿ, ಕಣ್ಣು ತಿರುವು ಮುಗಿಯೋ ಕಡೆ. ಕಟ್ಟೆ ನೋಡಿದ್ರೆ ಸೈಕಲ್ ಕಟ್ಟೆಗೇ ಹೋಗತ್ತೆ. ಇಳಿಯೋ ಹೊತ್ತಿಗೆ ರಸ್ತೆ ತೆರೆದಿರತ್ತೆ, ಮಿನಿ ಬಸ್ಸಿನವರು ತಿರುವಲ್ಲಿ ಪೂರ್ತಿ ರಸ್ತೆ ತಗೊಂಡು ಬರ್ತಾರೆ. ಅದಕ್ಕೆ ಯಾವ ಕಾರಣಕ್ಕೂ ಮಧ್ಯದ ಗೆರೆ ದಾಟಬಾರದು. ಮಂಗ ಕೂತಿದ್ರೆ ದೂರದಿಂದಲೇ ನಿಧಾನ ಮಾಡ್ಲಿ, ಅವು ಯಾವ ಕಡೆಗೆ ಹಾರ್ತಾವೆ ಹೇಳೋಕಾಗಲ್ಲ.

ಮೇ ತಿಂಗಳ ಸಂಜೆ ಮಳೆ ಬೇರೆ. ಮೊದಲ ಮಳೆಗೆ ರಸ್ತೇಲಿ ಧೂಳು, ಎಣ್ಣೆ, ಎಲೆ ಎಲ್ಲಾ ಸೇರಿ ಲೋಳೆ ಆಗಿರತ್ತೆ. ಒದ್ದೆ ರಿಮ್ಮಲ್ಲಿ ಬ್ರೇಕ್ ಒತ್ತಿದ ಕೂಡಲೆ ಹಿಡಿಯಲ್ಲ, ಶೂ ಮೊದಲು ನೀರು ಒರೆಸಬೇಕು, ಚಕ್ರ ಕೆಲವು ಸುತ್ತು ತಿರುಗಿದ ಮೇಲೆ ಹಿಡಿತ ಬರೋದು. ಆದ್ದರಿಂದ ಒಣ ರಸ್ತೆಗಿಂತ ಬಹಳ ಮೊದಲೇ ಮೆಲ್ಲಗೆ ತಾಗಿಸೋಕೆ ಶುರು ಮಾಡಬೇಕು. ಅದಕ್ಕಂತ ಉದ್ದಕ್ಕೂ ಹಿಡ್ಕೊಂಡೇ ಇರು ಅಂತಲ್ಲ. ಇನ್ನೊಂದು ಸಲ ಹೇಳ್ತೀನಿ, ಘಾಟಿ ಉದ್ದಕ್ಕೂ ಬ್ರೇಕ್ ಹಿಡ್ಕೊಂಡು ಇಳೀಬಾರದು. ಹೆದರಿಕೆ ಆದ್ರೆ ಪೂರ್ತಿ ನಿಂತುಬಿಡ್ಲಿ, ಅಗಲ ಇರೋ ಜಾಗ ನೋಡಿ ರಸ್ತೆಯಿಂದ ಪಕ್ಕಕ್ಕೆ ಸರಿದು ಐದು ನಿಮಿಷ ಆರೋಕೆ ಬಿಡ್ಲಿ. ರಿಮ್ಮು ಮುಟ್ಟಿ ನೋಡಬಾರದು, ಬೆರಳು ಸುಡತ್ತೆ. ನಿಂತಾಗ ಪೊದೆ ಹುಲ್ಲಲ್ಲಿ ಕೂರೋದೂ ಬೇಡ. ಈ ಬೇಸಿಗೇಲಿ ಉಣುಗು ಇರತ್ತೆ, ಅದರಿಂದ ಹರಡೋ ಮಂಗನ ಕಾಯಿಲೆ ನಮ್ಮ ಕಡೇದೇ ಅಲ್ವಾ.

ಅವತ್ತು ನಾನು ಬಿದ್ದಾಗ ನೋಡೋಕೆ ಒಂದು ನರಪಿಳ್ಳೆ ಇರಲಿಲ್ಲ. ರೇಸ್ ಮಾಡಿದ ಸಂಘದವರು ಹತ್ತೋವಾಗ ಎಲ್ಲಾ ತಿರುವಿಗೂ ಹುಡುಗರನ್ನ ನಿಲ್ಸಿದ್ರು, ಬಹುಮಾನ ಕೊಟ್ಟ ಕೂಡಲೆ ಎಲ್ಲಾ ಹೊರಟುಹೋದ್ರು. ಜೀಪಿನವರು ಯಾರೋ ಪುಣ್ಯಾತ್ಮರು ನೋಡಿ ತೀರ್ಥಹಳ್ಳಿಗೆ ಕರ್ಕೊಂಡು ಬಂದ್ರು. ಸಂಘದವರು ಆಮೇಲೂ ಮನೆ ಕಡೆ ಬಂದು ವಿಚಾರಿಸಲಿಲ್ಲ. ಅದಾದ್ರೂ ಹೋಗ್ಲಿ. ಊರೆಲ್ಲ ಏನು ಮಾತಾಡ್ತು, ಹುಡುಗ ವೇಗವಾಗಿ ಬಂದು ಬಿದ್ದ ಅಂತ. ಆ ಟ್ಯೂಬ್ ತಗೊಂಡು ಅಪ್ಪಯ್ಯನಿಗೆ ತೋರಿಸಿದೆ, ತೂತು ಎಲ್ಲಿದೆ ನೋಡಿ ಅಂದೆ. ನೋಡಲಿಲ್ಲ. ನನ್ನ ಕೈ ಕಟ್ಟಿರುವಾಗಲೇ ಸೈಕಲನ್ನ ರಿಪ್ಪನ್‌ಪೇಟೆ ಕಡೆಯವರಿಗೆ ಕೊಟ್ಟುಬಿಟ್ರು, ನನ್ನನ್ನ ಒಂದು ಮಾತು ಕೇಳಲಿಲ್ಲ. ದೊಡ್ಡಣ್ಣನ ಕ್ರಿಕೆಟ್ ಬ್ಯಾಟು ಮಾತ್ರ ಅಟ್ಟದ ಮೇಲೆ ಇವತ್ತಿಗೂ ಇದೆ. ನಮ್ಮ ಮನೇಲಿ ಯಾರ ಮಕ್ಕಳು ಸೈಕಲ್ ಅಂದ್ರೂ ನನ್ನ ಭುಜ ತೋರಿಸಿ ಬಾಯಿ ಮುಚ್ಚಿಸ್ತಾರೆ, ಸಾಗರದ ಅತ್ತಿಗೆ ಮಗನಿಗೂ ಹಾಗೇ ಮಾಡಿದ್ರಿ. ವಿಜಯಪುರ, ಬಾಗಲಕೋಟೆ ಕಡೆ ರೈತರ ಮಕ್ಕಳು ಸೈಕಲಲ್ಲಿ ರಾಷ್ಟ್ರಮಟ್ಟದ ಪದಕ ತರ್ತಾರೆ, ಅಲ್ಲಿ ಅದು ಮರ್ಯಾದೆ ಆಟ. ಹತ್ತೋಕೆ ಇಷ್ಟು ಒಳ್ಳೆ ಘಾಟಿ ಇಟ್ಕೊಂಡು ನಮ್ಮ ಹುಡುಗರು ಸುಮ್ಮನೆ ಕೂತಿರೋದು ನನಗೆ ಸಂಕಟ ಆಗತ್ತೆ. ಪುಟ್ಟನ್ನ ತಡೀಬೇಡಿ. ಕೈ ಮುಗಿದು ಕೇಳ್ತೀನಿ.

ಅಯ್ಯೋ, ನೀನು ಕೇಳಿದ್ದು ಏನು ನೋಡಿಸಬೇಕು ಅಂತ, ಅದನ್ನೇ ಹೇಳಲಿಲ್ಲ.

ಮೊದಲು ರಿಮ್ ಟೇಪು. ಟೈರ್ ಬಿಚ್ಚಿಸಿ ನೋಡಿ. ರಬ್ಬರ್ ಪಟ್ಟಿ ಇದ್ರೆ, ಅಥವಾ ತೂತಿನ ಜಾಗದಲ್ಲಿ ಗುಳಿ ಬಿದ್ದಿದ್ರೆ ತೆಗೆದು ಬಟ್ಟೆ ಟೇಪ್ ಹಾಕಿಸಿ. ತೂತು ಪೂರ್ತಿ ಮುಚ್ಚುವಷ್ಟು ಅಗಲ ಇರಬೇಕು, ಆದರೆ ಟೈರಿನ ಅಂಚು ಕೂರೋ ಜಾಗಕ್ಕೆ ಏರಬಾರದು, ಏರಿದ್ರೆ ಟೈರು ಸರಿಯಾಗಿ ಕೂರಲ್ಲ. ಅದಕ್ಕೆ ರಿಮ್ಮಿನ ಒಳ ಅಳತೆ ತಗೊಂಡೇ ಅಂಗಡಿಗೆ ಹೋಗ್ಲಿ. ಎರಡೂ ಚಕ್ರಕ್ಕೆ ಹಾಕಿಸಿ.

ಆಮೇಲೆ ಬ್ರೇಕ್ ಶೂ. ಅದರ ಮೇಲೆ ಅಡ್ಡ ಗೀರುಗಳಿರ್ತಾವೆ, ಅವು ಸವೆದು ಮಾಯ ಆಗಿದ್ರೆ ಹೊಸದು. ಗೀರು ಇದ್ರೂ ಒಳಗೆ ಅಲ್ಯೂಮಿನಿಯಂ ಚೂರು, ಮರಳು ಕೂತಿರತ್ತೆ, ಸೂಜೀಲಿ ಕಿತ್ತು ತೆಗೆದು ಉಪ್ಪುಕಾಗದದಲ್ಲಿ ಒಂದು ಸಲ ಉಜ್ಜಬೇಕು. ಮೇಲ್ಮೈ ಗಾಜಿನ ಹಾಗೆ ಹೊಳೀತಾ ಇದ್ರೂ ಹಾಗೇ. ಕೂರಿಸುವಾಗ ಶೂ ರಿಮ್ಮಿನ ಮೇಲಂಚಿಂದ ಒಂದು ಮಿಲಿಮೀಟರ್ ಕೆಳಗಿರಲಿ, ಟೈರಿಗೆ ತಾಗಿದ್ರೆ ಟೈರೇ ಕುಯ್ದು ಹೋಗತ್ತೆ. ಶೂನ ಹಿಂದಿನ ತುದಿಗೂ ರಿಮ್ಮಿಗೂ ಮಧ್ಯೆ ಒಂದು ದಪ್ಪ ಕಾರ್ಡು ಇಟ್ಟು ಲಿವರ್ ಹಿಡಿದು ಬಿಗಿ ಮಾಡಿದ್ರೆ ಮುಂದಿನ ತುದಿ ಮೊದಲು ತಾಗತ್ತೆ, ಕಿರ್ ಅನ್ನೋ ಸದ್ದು ಹೋಗತ್ತೆ. ಲಿವರ್ ಪೂರ್ತಿ ಎಳೆದಾಗ ಹ್ಯಾಂಡಲಿಗೂ ಅದಕ್ಕೂ ಎರಡು ಬೆರಳು ಜಾಗ ಉಳೀಬೇಕು. ಒಳಗಿನ ಕೇಬಲ್ ಲಿವರಿನ ಬುಡದಲ್ಲಿ ಎಳೆ ಬಿಟ್ಟಿದ್ರೆ ಅವತ್ತೇ ಬದಲಾಯಿಸಿ. ನಮ್ಮ ಮಳೆಗಾಲ ಕಳೆದ ಕೇಬಲ್ ಹೊರಗಿಂದ ಚೆನ್ನಾಗಿ ಕಂಡ್ರೂ ಒಳಗೆ ತುಕ್ಕು ಹಿಡಿದಿರತ್ತೆ. ರಿಮ್ಮು ಸ್ಪಿರಿಟಲ್ಲಿ ಒರೆಸಿ. ಚೈನಿಗೆ ಎಣ್ಣೆ ಬಿಡುವಾಗ ಒಂದು ಹನಿ ರಿಮ್ಮಿಗೆ ಬೀಳಬಾರದು.

ಮುಂದಿನ ಚಕ್ರವನ್ನ ಬಿಗಿದು ಹಿಡಿಯೋ ಕ್ವಿಕ್ ರಿಲೀಸ್ ಲಿವರ್ ಮುಚ್ಚುವಾಗ ಅಂಗೈಲಿ ಅಚ್ಚು ಬೀಳುವಷ್ಟು ಬಿಗಿ ಇರಬೇಕು. ಹೆಲ್ಮೆಟ್ ಪಟ್ಟಿ ಗಲ್ಲದ ಕೆಳಗೆ ಎರಡು ಬೆರಳು ಹೋಗುವಷ್ಟು, ಅದಕ್ಕಿಂತ ಸಡಿಲ ಬೇಡ. ಹತ್ತೋವಾಗ ಸೆಕೆ ಅಂತ ಪಟ್ಟಿ ಬಿಚ್ಚಿ, ಇಳೀವಾಗ ಮರೀತಾರೆ. ಬಾರ್ಸಿಲೋನಾ ಒಲಿಂಪಿಕ್ಸಿನ ಸೈಕಲ್ ರೇಸಲ್ಲಿ ಚಿನ್ನ ಗೆದ್ದ ಇಟಲಿಯ ಫಾಬಿಯೋ ಕಸಾರ್ಟೆಲಿ 1995ರ ಟೂರ್ ಡಿ ಫ್ರಾನ್ಸ್ ರೇಸಲ್ಲಿ ತೀರಿಹೋಗಿದ್ದೂ ಬೆಟ್ಟ ಇಳೀವಾಗಲೇ ಬಿದ್ದು, ಹೆಲ್ಮೆಟ್ ಇರಲಿಲ್ಲ. ಇದು ಪುಟ್ಟನಿಗೆ ಹೇಳು, ನೀನು ಇದನ್ನೇ ನೆನೆಸ್ಕೊಂಡು ಕೂರಬೇಡ.

ಇಳಿಯೋಕೆ ಮೊದಲು ಮೇಲೆ ಸನ್‌ಸೆಟ್ ಪಾಯಿಂಟ್ ಹತ್ರ ನಿಂತು, ಎರಡೂ ಬ್ರೇಕ್ ಒತ್ತಿ, ಚಕ್ರ ಎತ್ತಿ ತಿರುಗಿಸಿ ನೋಡ್ಲಿ. ಒಂದು ಬಾಳೆಹಣ್ಣು ತಿಂದು, ಒದ್ದೆ ಬನಿಯನ್ ಬದಲಾಯಿಸಿ ಗಾಳಿಕೋಟು ಹಾಕ್ಕೊಳ್ಳಲಿ, ಬೆವರು ಆರಿ ನಡುಗೋ ಕೈಗೆ ಬ್ರೇಕ್ ಅಂದಾಜು ಸಿಗಲ್ಲ. ಮಳೆ ಜೋರಿದ್ರೆ ಇಳಿಯೋದೇ ಬೇಡ, ಭಾವನವರು ಕಾರು ತಗೊಂಡು ಆಗುಂಬೆ ಪೇಟೇಲಿ ಕಾಯ್ಲಿ, ಮುಂದಿನ ಚಕ್ರ ಬಿಚ್ಚಿದ್ರೆ ಸೈಕಲ್ ಹಿಂದಿನ ಸೀಟಲ್ಲಿ ಹಿಡಿಯತ್ತೆ.

ಶುಕ್ರವಾರ ಸಂಜೆಯೇ ಸೈಕಲ್ ತಗೊಂಡು ಇಲ್ಲಿಗೆ ಬರೋಕೆ ಹೇಳು, ಹೊಸ ಶೂ ಒಂದು ದಿನ ಓಡಿಸಿ ಹೊಂದಿಸ್ಕೋಬೇಕು. ಬಟ್ಟೆ ಟೇಪು, ಶೂ ಶಿವಮೊಗ್ಗದಲ್ಲೇ ತಗೊಂಡು ಬರಲಿ, ಅಲನ್ ಕೀ, ಉಪ್ಪುಕಾಗದ ನನ್ನ ಹತ್ರ ಇದೆ. ಮೀಟರ್ ಇರೋ ಪಂಪು ಕೊಪ್ಪದ ಚಿಕ್ಕಪ್ಪನ ಮನೇಲಿದೆ, ಯುಗಾದಿಗೆ ತಗೊಂಡು ಹೋಗಿದ್ದು. ಚಿಕ್ಕಪ್ಪ, ಕೇಳ್ತಾ ಇದ್ರೆ ಅದನ್ನ ನಾಳೆ ಬೆಳಿಗ್ಗೆ ಬಸ್ಸಿಗೆ ಹಾಕಿ ಕಳಿಸಿ.