ಹಾಬ್ಸ್‌ನೂ ಇಂಟರ್‌ನ್ಯಾಷನಲ್ ಲಾನೂ ಒಂದೇ ಸೆಮ್‌ನಲ್ಲಿ, ತಲೆ ಕೆಟ್ಟೋಗಿದೆ

ಬಯಲುಸೀಮೆ_ಬಿಎ:
ಪಿಯುಸಿವರೆಗೂ ಕನ್ನಡ ಮೀಡಿಯಂ ನಾನು, ಈಗ ಬಿಎ ಸೆಕೆಂಡ್ ಇಯರ್. ಬೆಳಗ್ಗೆ ಪೊಲಿಟಿಕಲ್ ಫಿಲಾಸಫಿ ಕ್ಲಾಸಲ್ಲಿ 17ನೇ ಶತಮಾನದ ಇಂಗ್ಲಿಷ್ ತತ್ವಜ್ಞಾನಿ ಹಾಬ್ಸ್ ಹೇಳ್ತಾನೆ, ಎಲ್ರ ಮೇಲೂ ಒಂದು ಅಧಿಕಾರ ಇಲ್ಲ ಅಂದ್ರೆ ಕಾನೂನೂ ಇಲ್ಲ, ಕಾನೂನು ಇಲ್ಲ ಅಂದ್ಮೇಲೆ ಅನ್ಯಾಯ ಅನ್ನೋದೂ ಇಲ್ಲ ಅಂತ. ಮಧ್ಯಾಹ್ನ ಅದೇ ಬೆಂಚಲ್ಲಿ ಕೂತ್ಕೊಂಡು ಇಂಟರ್‌ನ್ಯಾಷನಲ್ ಲಾ, ಅಂದ್ರೆ ದೇಶ ದೇಶಗಳ ನಡುವಿನ, ಮೇಲೆ ಯಾರೂ ಇಲ್ದಿರೋ ಕಾನೂನನ್ನ ಓದ್ಬೇಕು. ಸರ್‌ನ ಕೇಳಿದ್ರೆ ಎಕ್ಸಾಮ್‌ಗೆ ಬರಲ್ಲ ಬಿಡಪ್ಪ ಅಂದ್ರು. ಪೊಲೀಸೇ ಇಲ್ದಿರೋ ಕಾನೂನು ಓದಿ ಏನ್ ಉಪಯೋಗ, ಯಾರಾದ್ರೂ ಹೇಳಿ.

ಕರಿಕೋಟು:
ನಿನ್ ಡೌಟು ಹಳೇದು ಕಣಪ್ಪ. ಇಂಗ್ಲಿಷ್ ಕಾನೂನು ಚಿಂತಕ ಜಾನ್ ಆಸ್ಟಿನ್ 1832ರಲ್ಲೇ ಇದು ಕಾನೂನಲ್ಲ, ಬರೀ ನೈತಿಕತೆ ಅಂತ ಬರೆದುಬಿಟ್ಟ. ಆದ್ರೆ ಪಾಕಿಸ್ತಾನ ಗೂಢಚಾರ ಅಂತ ಹಿಡಿದು ಮರಣದಂಡನೆ ವಿಧಿಸಿದ ಭಾರತೀಯ ಕುಲಭೂಷಣ್ ಜಾಧವ್ ಕೇಸ್ ಓದು. 2019ರ ಜುಲೈನಲ್ಲಿ ಹೇಗ್ ಕೋರ್ಟು, ಅಂದ್ರೆ ಅಂತರರಾಷ್ಟ್ರೀಯ ನ್ಯಾಯಾಲಯ, 15–1 ಮತದಲ್ಲಿ, ಕಾನ್ಸುಲರ್ ಆಕ್ಸೆಸ್ (ನಮ್ ರಾಯಭಾರ ಕಚೇರಿಯೋರು ಅವ್ನನ್ನ ಭೇಟಿ ಮಾಡೋ ಅವಕಾಶ) ಕೊಡದೆ ಪಾಕಿಸ್ತಾನ ವಿಯೆನ್ನಾ ಒಪ್ಪಂದದ 36ನೇ ವಿಧಿ ಮುರಿದಿದೆ, ಶಿಕ್ಷೆನ ಮತ್ತೆ ಪರಿಶೀಲಿಸಿ ಅಂತು. ಬಿಡುಗಡೆ ಮಾಡಿ ಅಂತ ಮಾತ್ರ ಹೇಳ್ಲಿಲ್ಲ, ನಮ್ ಟೀವಿಯೋರು ಪಟಾಕಿ ಹೊಡೆದಿದ್ದು ಬೇರೆ ವಿಷ್ಯ. ಪೊಲೀಸ್ ಯಾರೂ ಹೋಗ್ಲಿಲ್ಲ, ಆದ್ರೂ ಆ ಪರಿಶೀಲನೆಗೆ ಅಂತಾನೇ ಪಾಕಿಸ್ತಾನ ಕಾನೂನು ಮಾಡ್ಬೇಕಾಗಿ ಬಂತಲ್ಲ.

ಸುಮ್ನೆಕೇಳ್ದೆ:
ನಿಕರಾಗುವಾದು ಹೇಳಲ್ವಾ ಹಂಗಾದ್ರೆ? 1986ರಲ್ಲಿ ಅದೇ ಕೋರ್ಟು, ನಿಕರಾಗುವಾದ ಬಂಡುಕೋರರಿಗೆ ಬೆಂಬಲ ಕೊಟ್ಟಿದ್ದು ಅಮೆರಿಕದ್ದು ತಪ್ಪು, ಪರಿಹಾರ ಕೊಡಿ ಅಂತು. ಅಮೆರಿಕ ಕೊಡ್ಲಿಲ್ಲ, ವಿಶ್ವಸಂಸ್ಥೆ ಭದ್ರತಾ ಮಂಡಳಿಗೆ ಹೋದ್ರೆ ಅಲ್ಲಿ ಅಮೆರಿಕದ್ದೇ ವೀಟೋ. ಬಡವನ ಕೋಪ ದವಡೆಗೆ ಮೂಲ ಅಷ್ಟೇ. ಹಾಬ್ಸ್ ಗೆದ್ದ.

ಮಂಡ್ಯದೋಳು:
ಇಬ್ರೂ ಹೇಗ್‌ವರೆಗೂ ಯಾಕ್ ಹೋಗ್ತೀರ, ಕೆಆರ್‌ಎಸ್‌ಗೆ ಬನ್ನಿ. ನದಿ ನಮ್ ಜಾಗದಲ್ಲಿ ಹುಟ್ಟುತ್ತೆ ಅಂದ್ಮೇಲೆ ನೀರು ಪೂರ್ತಿ ನಮ್ದೇ ಅನ್ನೋ ವಾದಕ್ಕೆ ಹಾರ್ಮನ್ ಡಾಕ್ಟ್ರಿನ್ ಅಂತಾರೆ, 1895ರಲ್ಲಿ ರಿಯೊ ಗ್ರಾಂಡೆ ನೀರಿನ ವಿಷ್ಯದಲ್ಲಿ ಮೆಕ್ಸಿಕೋ ವಿರುದ್ಧ ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್ ಹೂಡಿದ್ದು. ನಮ್ಮೂರಲ್ಲಿ ಎಲ್ರೂ ಹಾರ್ಮನ್‌ಗಳೇ, ನಮ್ಮಪ್ಪನೂ ಸೇರಿ. 1966ರ ಹೆಲ್ಸಿಂಕಿ ನಿಯಮಗಳು ಹಂಗನ್ನಲ್ಲ, ಮಳೆ ಎಷ್ಟು, ಜನ ಎಷ್ಟು, ಮೊದ್ಲಿಂದ ಬಳಸ್ತಿದ್ದೋರು ಯಾರು, ಎಲ್ಲಾ ನೋಡಿ ನ್ಯಾಯವಾದ ಪಾಲು ಕೊಡಿ ಅನ್ನುತ್ತೆ. ಅದು ದೇಶ ದೇಶಗಳ ನಡುವಿನ ನದಿಗೆ ಬರೆದಿದ್ದು, ಯಾರೂ ಸಹಿ ಹಾಕಿದ ಒಪ್ಪಂದ ಕೂಡ ಅಲ್ಲ. ಆದ್ರೂ 2018ರಲ್ಲಿ ಸುಪ್ರೀಂ ಕೋರ್ಟು ಕಾವೇರಿ ತೀರ್ಪಲ್ಲಿ ಅದನ್ನ ಆಧಾರ ಮಾಡ್ಕೊಳ್ತು, ನದಿ ಯಾವ ರಾಜ್ಯದ ಸ್ವತ್ತೂ ಅಲ್ಲ ಅಂತು, ಗಡಿ ಹತ್ರದ ಬಿಳಿಗುಂಡ್ಲುನಲ್ಲಿ ನಾವು ತಮಿಳುನಾಡಿಗೆ ಬಿಡ್ಬೇಕಾದ ನೀರು 192 ಟಿಎಂಸಿಯಿಂದ 177.25ಕ್ಕೆ ಇಳೀತು, ಹಂಗೆ ಇಳಿಸಿದ್ರಲ್ಲಿ ಬೆಂಗಳೂರಿನ ಕುಡಿಯೋ ನೀರಿನ ಲೆಕ್ಕಾನೂ ಇತ್ತು. ನ್ಯಾಯವಾದ ಪಾಲು ಅಂದ್ರೆ ಯಾವ್ದು, ಮೊದ್ಲು ಬಳಸಿದೋರದಾ ಜಾಸ್ತಿ ಬೇಕಾದೋರದಾ ಅನ್ನೋದು ನಿನ್ ಬೆಳಗಿನ ಕ್ಲಾಸಿನ ಪ್ರಶ್ನೆ ತಾನೆ?

ಇನ್ನೊಂದು, ಕನ್ನಡ ಮೀಡಿಯಂ ಅಂದ್ಯಲ್ಲ. ರಾಜ್ಯಶಾಸ್ತ್ರದ ಪುಸ್ತಕದಲ್ಲಿ ರಾಜ್ಯ ಅಂದ್ರೆ ಕರ್ನಾಟಕ ಅಲ್ಲ, ಸ್ಟೇಟ್, ಅಂದ್ರೆ ದೇಶ. ಪರಮಾಧಿಕಾರ, ಸಾರ್ವಭೌಮತ್ವ ಎರಡೂ ಒಂದೇ, ಸಾವರಿನ್ಟಿ. ನಾನು ಫಸ್ಟ್ ಸೆಮ್ ಪೂರ್ತಿ ರಾಜ್ಯಕ್ಕೆ ಸೈನ್ಯ ಎಲ್ಲಿಂದ ಬಂತು ಅಂತ ಒದ್ದಾಡಿದ್ದೀನಿ.

ಬಯಲುಸೀಮೆ_ಬಿಎ:
ಅಯ್ಯೋ ಅಕ್ಕ ನಾನೂ ಇಂಟರ್ನಲ್ಸ್‌ನಲ್ಲಿ ರಾಜ್ಯ ಅಂದ್ರೆ ಕರ್ನಾಟಕ ಅಂದ್ಕೊಂಡೇ ಎರಡು ಪೇಜ್ ಬರೆದಿದ್ದೀನಿ 😭 ಪೇಪರ್ ಇನ್ನೂ ಕೊಟ್ಟಿಲ್ಲ.