ಹಾರ್ಟ್ ದಂಪತಿ ಮತ್ತು ಕೋಡುಬಳೆ ಡಬ್ಬ

ಶನಿವಾರ ರಾತ್ರಿ ಮನೆಯವರ ವಾಟ್ಸಾಪ್ ಗುಂಪಿಗೆ ಚಿಕ್ಕಪ್ಪ ಒಂದು ವಿಡಿಯೊ ಹಾಕಿದರು.

ಚಿಕ್ಕಪ್ಪ: ಹಾರ್ಟ್ ದಂಪತಿ ಕೊಲೆಗಾರರನ್ನು ಹಿಡಿಯುವ ‘ಹಾರ್ಟ್ ಟು ಹಾರ್ಟ್’ ಧಾರಾವಾಹಿಯ ಆರಂಭದ ದೃಶ್ಯ. 1982ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗ ಮಂಗಳವಾರ ರಾತ್ರಿ ಹತ್ತಕ್ಕೆ ಎಬಿಸಿ ಚಾನೆಲ್‌ನಲ್ಲಿ ಬರುತ್ತಿತ್ತು. ನಾಲ್ವರು ಹುಡುಗರು, ಒಂದು ಹಳೆಯ ಟಿವಿ, ಒಂದೇ ಪಾತ್ರೆಯಲ್ಲಿ ಚಿತ್ರಾನ್ನ.

ಅಣ್ಣ: ನಾಲ್ಕು ಕಂತು ನೋಡಿದ್ದೇನೆ ಚಿಕ್ಕಪ್ಪ. ಇದರಲ್ಲಿ ಪತ್ತೇದಾರಿಕೆ ಎಲ್ಲಿದೆ? ಕೊಲೆಗಾರ ಯಾರೆಂದು ಅರ್ಧದಲ್ಲೇ ತಿಳಿಯುತ್ತದೆ. ಗಂಡ ಕೋಟ್ಯಧಿಪತಿ, ಹೆಂಡತಿ ಪತ್ರಕರ್ತೆ, ಓಡಾಡಲು ಸ್ವಂತ ವಿಮಾನ. ಒಡವೆ ಅಂಗಡಿಯ ಜಾಹೀರಾತಿನ ನಡುವೆ ಒಂದು ಹೆಣ ಇಟ್ಟ ಹಾಗಿದೆ.

ಚಿಕ್ಕಪ್ಪ: ಮೂಲ ಕಲ್ಪನೆ ಕಾದಂಬರಿಕಾರ ಸಿಡ್ನಿ ಶೆಲ್ಡನ್ ಅವರದು, ಗೊತ್ತಿರಲಿ. 5 ವರ್ಷ ನಡೆದು 1984ರಲ್ಲಿ ನಿಂತಿತು. ಜನ ಬಿಡಲಿಲ್ಲ, 1993ರಿಂದ ಮತ್ತೆ 8 ಟಿವಿ ಚಿತ್ರಗಳು ಬಂದವು.

ಅಣ್ಣ: ಜನ ನೋಡಿದ್ದು ಸರಿ. ನಾನು ಕೇಳಿದ್ದು ಸುಳಿವುಗಳ ಬಗ್ಗೆ.

ಸೋದರತ್ತೆ: ನಿನಗೆ ಸುಳಿವು ಬೇಕಿದ್ದರೆ ಪದಬಂಧ ಬಿಡಿಸು. 1985ರಲ್ಲಿ ನಮ್ಮ ದೂರದರ್ಶನದಲ್ಲಿ ‘ಕರಮ್‌ಚಂದ್’ ಪತ್ತೇದಾರಿ ಧಾರಾವಾಹಿ ಬಂತಲ್ಲ, ನಾವೆಲ್ಲ ಬಿಡದೆ ನೋಡಿದೆವು. ಆದರೆ ಅವನು ಕ್ಯಾರೆಟ್ ಕಡಿಯುತ್ತಾ ಪಾಪದ ಸಹಾಯಕಿ ಕಿಟ್ಟಿಯ ಬಾಯಿ ಮುಚ್ಚಿಸುವುದೇ ಹಾಸ್ಯ. ಇಲ್ಲಿ ಗಂಡ ಜೊನಾಥನ್ ಹೆಂಡತಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾನೆ. ಮದುವೆಯಾದ ಮೇಲೂ ಇಬ್ಬರಿಗೆ ಆಡಲು ಮಾತು ಉಳಿದಿರುತ್ತದೆ! ಅದಕ್ಕಿಂತ ದೊಡ್ಡ ರಹಸ್ಯ ಬೇಕೇನು?

ಚಿಕ್ಕಮ್ಮ: ಅಕ್ಕಾ, ಅವರ ಮನೆಯಲ್ಲಿ ಮ್ಯಾಕ್ಸ್ ಇದ್ದಾನೆ. ಅಡುಗೆ, ಮನೆ, ಕಾರು, ನಾಯಿ ಎಲ್ಲವೂ ಅವನ ತಲೆಯ ಮೇಲೆ. ನನಗೂ ಒಬ್ಬ ಮ್ಯಾಕ್ಸ್‌ನನ್ನು ಕೊಡಿಸಿ, ವಾರಕ್ಕೊಬ್ಬ ಕೊಲೆಗಾರನನ್ನು ಹಿಡಿದು ತರುತ್ತೇನೆ. ರೀ, ಹನ್ನೊಂದೂವರೆ ಆಯಿತು. ನಡುಮನೆಯ ದೀಪ ಆರಿಸಿ ಬನ್ನಿ.

ಚಿಕ್ಕಪ್ಪ: ಬಂದೆ. ಮ್ಯಾಕ್ಸ್ ಎಂದರೆ ಬರೀ ಅಡುಗೆಯವನಲ್ಲ. ಆ ಪಾತ್ರ ಮಾಡಿದ ಲಯೊನೆಲ್ ಸ್ಟ್ಯಾಂಡರ್ ಅವರಿಗೆ ಕಮ್ಯುನಿಸ್ಟ್ ಎಂಬ ಗುಮಾನಿಯಿಂದ ಹಾಲಿವುಡ್ ವರ್ಷಗಟ್ಟಲೆ ಬಾಗಿಲು ಮುಚ್ಚಿತ್ತು. ಎಪ್ಪತ್ತು ದಾಟಿದ ಮೇಲೆ ಈ ಪಾತ್ರ ಸಿಕ್ಕಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಗೆದ್ದರು. ಅವರ ಆ ಜಲ್ಲಿ ಕಲ್ಲಿನಂಥ ದನಿಯೇ ಧಾರಾವಾಹಿಯ ಬಾಗಿಲು ತೆಗೆಯುವುದು. ವಿಡಿಯೊವನ್ನು ದನಿ ಹಾಕಿಕೊಂಡು ನೋಡಿ.

ಅಣ್ಣ: ಇದು ನಟನ ಕಥೆಯಾಯಿತು, ಧಾರಾವಾಹಿಯದ್ದಲ್ಲ.

ಚಿಕ್ಕಪ್ಪ: ಹಾಗಾದರೆ ಇನ್ನೊಂದು ಹೇಳುತ್ತೇನೆ. 1981ರ ನವೆಂಬರ್ ಒಂದೇ ತಿಂಗಳಲ್ಲಿ ನಾಯಕ ರಾಬರ್ಟ್ ವ್ಯಾಗ್ನರ್ ಅವರ ಪತ್ನಿ ನಟಾಲಿ ವುಡ್ ತೀರಿಕೊಂಡರು, ನಾಯಕಿ ಸ್ಟೆಫನಿ ಪವರ್ಸ್ ಅವರ ಸಂಗಾತಿ ವಿಲಿಯಂ ಹೋಲ್ಡನ್ ಕೂಡ. ಆಮೇಲೂ ಇಬ್ಬರೂ ಕ್ಯಾಮೆರಾ ಮುಂದೆ ಬಂದು ನಗುವ ಗಂಡ ಹೆಂಡತಿಯಾದರು. ನಾನು ನೋಡತೊಡಗಿದ್ದು ಅದರ ಮರುವರ್ಷ. ಆಗ ಇದೊಂದೂ ನನಗೆ ಗೊತ್ತಿರಲಿಲ್ಲ, ಚಿತ್ರಾನ್ನ ತಿನ್ನುತ್ತಾ ಅವರ ಜೊತೆ ನಗುತ್ತಿದ್ದೆ.

ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ.

ಅಣ್ಣ: ಸರಿ ಚಿಕ್ಕಪ್ಪ, ಐದನೆಯ ಕಂತು ನೋಡುತ್ತೇನೆ. ಸುಳಿವಿನ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗುವುದಿಲ್ಲ.

ಅಷ್ಟರಲ್ಲಿ ಚಿಕ್ಕಮ್ಮನಿಂದ ಒಂದು ಫೋಟೊ: ಸ್ಟೀಲ್ ಡಬ್ಬ, ತಳದಲ್ಲಿ ಎಳ್ಳು ಮತ್ತು ಮುರಿದ ಒಂದು ತುಣುಕು.

ಚಿಕ್ಕಮ್ಮ: ಸಂಜೆ ಇದರಲ್ಲಿ ಹದಿನಾಲ್ಕು ಕೋಡುಬಳೆ ಇದ್ದವು. ಟಿವಿ ರಿಮೋಟ್ ಎಣ್ಣೆ ಎಣ್ಣೆಯಾಗಿದೆ. ಮನೆಯಲ್ಲಿ ಇರುವವರು ಇಬ್ಬರು, ಅವರಲ್ಲಿ ಒಬ್ಬರಿಗೆ ವೈದ್ಯರು ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ.

ಸೋದರತ್ತೆ: ನೋಡಪ್ಪ, ನಿನಗೆ ಬೇಕಾಗಿದ್ದ ಸುಳಿವು!

ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ