ಗೌಡ್ರ ಫಾರ್ವರ್ಡು, ನಮ್ಮ ಹೊಲದ ಜಗಳ

ಪುಣೆಯ ಮೂಲೆ ಮೂಲೆಗೆ ಚದುರಿರೋ ನಮ್ಮ ಮನೆತನದ ಗುಂಪಿನಲ್ಲಿ ಮೊನ್ನೆ ನಸುಕಿನಲ್ಲೇ ಚಿಂಚವಡದ ಗುರುಪಾದ ಕಾಕಾ ಹಾಕಿದ್ದು:

"ಶಾಲೆ ಮೆಟ್ಟಿಲು ಹತ್ತದ ಬಡರೈತ ದೇವೇಗೌಡ ಪ್ರಧಾನಿಯಾದ ಕಥೆ! ಮಕ್ಕಳಿಗೆ ತಪ್ಪದೇ ಓದಿಸಿ 🙏🙏"

ಕೆಳಗೆ ಕಾಕಾನದೇ ಒಂದು ಸಾಲು: ಎಸಿಯೊಳಗ ಕುಂತವರು ಓದ್ರಿ.

ವಿನಯ: ಕಾಕಾ, ಎಲ್ಲಿಂದ ಬಂತಿದು? ರೈತರ ಮನಿಯವರು ಹೌದು. ಆದ್ರ ಹಾಸನದಾಗ ಸಿವಿಲ್ ಡಿಪ್ಲೊಮಾ ಮಾಡ್ಯಾರ ಅವರು.

ಗುರುಪಾದ ಕಾಕಾ: ಡಿಪ್ಲೊಮಾ ಬಿಡು ತಮ್ಮಾ, ಸಂಸ್ಕಾರ ನೋಡು. ಮಣ್ಣು ಮುಟ್ಟಿದವರಿಗೆ ಗೊತ್ತಾಗತೈತಿ.

ವಿನಯ: 1962ರಾಗ ಹೊಳೆನರಸೀಪುರದಿಂದ ಪಕ್ಷೇತರ ಶಾಸಕ. ಲೋಕಸಭಾಕ್ಕ ಹೋಗಿದ್ದು 1991ರಾಗ, ಹಾಸನದಿಂದ. 1996ರ ಜೂನ್‌ದಾಗ ಪ್ರಧಾನಿ ಆಗೂ ಹೊತ್ತಿಗೆ ಮುಖ್ಯಮಂತ್ರಿ ಇದ್ರು, ಸಂಸತ್ತಿನ ಯಾವ ಸದನದಾಗೂ ಇರಲಿಲ್ಲ. ಆಮ್ಯಾಲೆ ರಾಜ್ಯಸಭಾಕ್ಕ ಬಂದ್ರು. ನಡುವ ಮೂವತ್ನಾಕು ವರ್ಷದ ರಾಜಕಾರಣ ಐತಿ. ಹೊಲದಿಂದ ಎದ್ದು ಸೀದಾ ದಿಲ್ಲಿಗೆ ಹೋದವರಲ್ಲ.

ಹುಡುಗ ಹೇಳಿದ್ದು ಖರೇ. ಆದರೆ ಇಷ್ಟುದ್ದ ಓದೋ ತಾಳ್ಮೆ ನಮ್ಮ ಗುಂಪಿನಲ್ಲಿ ಯಾರಿಗೈತಿ? 'ಹೊಲ' ಅನ್ನೋದೊಂದೇ ಕಣ್ಣಿಗೆ ಬಿತ್ತು.

ಶೈಲಾ: ಹೊಲ ಅಂದಕೂಡ್ಲೇ ಎಳ್ಳಮಾವಾಸಿ ನೆನಪಾತು. ಚಕ್ಕಡಿ ಕಟ್ಟಿಕೊಂಡು ಹೊಲಕ್ಕ ಎಡಿ ಅಂತ ಚರಗ ಚೆಲ್ಲಾಕ ಹೋಗೂದು... ಅವ್ವ ಸುಟ್ಟ ಎಳಿ ಜೋಳದ ತೆನಿ, ಬಿಸಿಬಿಸಿ ಸೀತನಿ, ಅಂಗೈಯಾಗ ತಿಕ್ಕಿ, ಹೊಟ್ಟು ಊದಿ, ಗುರೆಳ್ಳು ಹಿಂಡಿ ಜೋಡಿ ಕೊಡತಿದ್ಲು. ಈಗ ಇಲ್ಲಿ ಅದನ್ನ ಹುರಡಾ ಪಾರ್ಟಿ ಅಂತ ರೊಕ್ಕಾ ಕೊಟ್ಟು ತಿಂತೀವಿ 😢

ಶಾಂತಾ ಅತ್ತಿ: ಹೊಲ ಇದ್ದಿದ್ರ ಪುಕ್ಕಟೆ ತಿನ್ನಬಹುದಿತ್ತು. ಮಾರಿದ್ದು ಯಾರು?

ಕಾಕಾ 'ಟೈಪಿಂಗ್' ಅಂತ ಬಂತು, ನಿಂತಿತು, ಮತ್ತೆ ಬಂತು.

ಗುರುಪಾದ ಕಾಕಾ: ಎಲ್ಲಾರೂ ಸಹಿ ಮಾಡೀರಿ.

ಶಾಂತಾ ಅತ್ತಿ: ಸಹಿ ಕೇಳಾಕ ಬಂದಾಗ ಬಾವಿ ಬತ್ತೇತಿ ಅಂದಿದ್ದಿ. ವರ್ಷ ತುಂಬೂದ್ರೊಳಗ ಚಿಂಚವಡದಾಗ ಫ್ಲ್ಯಾಟ್ ಆತು. ಬಡರೈತ ಅಂತ, ಬಡರೈತ!

ವಿನಯ: 2019ರಾಗ ತುಮಕೂರಾಗ ಸೋತ್ರು, 2020ರಾಗ ಮತ್ತ ರಾಜ್ಯಸಭಾಕ್ಕ ಹೋದ್ರು. ಅದೂ ಫಾರ್ವರ್ಡ್‌ದಾಗಿಲ್ಲ.

ಶಾಂತಾ ಅತ್ತಿ: ನೀ ಸುಮ್ಕಿರೋ ವಿನ್ಯಾ.

ಗುರುಪಾದ ಕಾಕಾ: ದೊಡ್ಡವರ ಮುಂದ ಮಾತಾಡೂ ರೀತಿ ಇದಲ್ಲ.

ಅತ್ತಿ ಕಾಕಾನಿಗಿಂತ ನಾಲ್ಕು ವರ್ಷ ದೊಡ್ಡವಳು. ಅದನ್ನ ನೆನಪಿಸೋ ಧೈರ್ಯ ಯಾರಿಗೂ ಬರಲಿಲ್ಲ.

ಶೈಲಾ: ಶನಿವಾರ ಹುರಡಾಕ್ಕ ಯಾರ್ ಯಾರ್ ಬರ್ತೀರಿ?

ಗುರುಪಾದ ಕಾಕಾ: ತಲಿಗೆ ಎಷ್ಟು?

ಶಾಂತಾ ಅತ್ತಿ: ಅವನು ಬಂದ್ರ ನಾ ಬರೂದಿಲ್ಲ.